ಅಲ್ಲಪ್ಪ ಏರಿದ ಶಿಲುಬೆ

"ಬಣ್ಣಾ ಹಚ್ಕೊಂಡವ್ರನ್ನೆಲ್ಲಾ ತಂದು ಹುಗಿಯಾಕ ಇದೇನ್ ನಾಟಕ ಕಂಪನಿ ತಂಬೂ ಏನೋ?"

ಸಾಲೋಮನ್ ಹಿರಿಯರು ಚರ್ಚಿನ ಸ್ಮಶಾನದ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದರು. ಬೆಳಗಿನ ಪಾಳಿಗೆ ಮಿಲ್ಲಿನ ಕಡೆ ಹೊರಟವರು ಸೈಕಲ್ಲಿನಿಂದ ಒಂದು ಕಾಲು ಇಳಿಸಿ ನಿಂತರು. ಕೇಳುವವರು ಹೆಚ್ಚಾದಂತೆ ಹಿರಿಯರ ದನಿಯೂ ಏರಿತು. "ಯೇಸುನ ಪಾರ್ಟ್ ಮಾಡಿದ ಅಂದ್ರ ಯೇಸುನ ಮಂದ್ಯಾಗ ಒಬ್ಬಾಂವ ಆದ್ನೇನು? ಕುರಿ ಕಾಯಾಂವ ಬಂದ, ಕುರಿ ಕಾಯಾಂವ ಆಗೇ ಹೋದ ನಿಮ್ಮಪ್ಪ. ವೇಷಗಾರ."

ಪರಶುರಾಮನ ಹೆಗಲ ಮೇಲೆ ಸಲಿಕೆ ಇತ್ತು. ತಾನು ದುಡಿಯುವ ಮೂಡಲಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಇದರ ಅರ್ಧ ಮಾತಾಡಿದವನ ಕಾಲರು ಹಿಡಿದವನು ಅವನು. ಶಾಲೆ ಬಿಟ್ಟದ್ದೂ ಅಂಥದೇ ಒಂದು ಸಿಟ್ಟಿನಲ್ಲಿ. ಆದರೆ ಇವತ್ತು ಮನೆಯಲ್ಲಿ ಅಪ್ಪ ಅಲ್ಲಪ್ಪನ ಹೆಣ ಇತ್ತು. ಹೊರಡುವಾಗ ಅವ್ವ ಮಾಯವ್ವ ರಟ್ಟೆ ಹಿಡಿದು ಹೇಳಿದ್ದಳು: "ಜಗಳಾ ತಗೀಬ್ಯಾಡ. ಜಾಗಾ ಅಷ್ಟ ಕೇಳ್ಕೊಂಡ ಬಾ."

"ಸಾಯೂ ಮುಂದ ಇದೊಂದ ಕೇಳ್ಯಾನ್ರಿ ಅಪ್ಪ," ಎಂದ. "ಆ ಬೇವಿನ ಗಿಡದ ಬಾಜೂಕ, ಬಣ್ಣಾ ಹಚ್ಕೊಂತಿದ್ದ ಶೆಡ್ಡಿನ ಮಗ್ಗಲಕ. ಗ್ವಾಡಿ ಒಳಗ ಇಡ್ರಿ ಅಂದಾನ. ಮತ್ತೇನಿಲ್ಲ."

ಹಿರಿಯರ ಹಿಂದೆ ನಿಂತಿದ್ದ ಹೊಸ ಪಾಸ್ಟರು ಮೆಲ್ಲಗೆ ಮುಂದೆ ಬಂದರು. ಅವರು ಬಂದು ಮೂರು ವರ್ಷವಾಗಿದ್ದರೂ ಊರಿನವರಿಗೆ ಹೊಸಬರೇ. "ನಿಯಮ ಐತಿ ತಮ್ಮಾ. ದೀಕ್ಷಾಸ್ನಾನ ಆಗಲಾರದವ್ರಿಗೆ ಒಳಗ ಜಾಗಾ ಕೊಡಾಕ ಬರೂದಿಲ್ಲ."

"ಸ್ನಾನಾ ಕೊಡ್ರಿ, ಕೊಡ್ರಿ ಅಂತ ತಿರಗ್ಯಾಡಿದ್ನಲ್ರಿ. ಕೊಡಲಾರದವ್ರು ಯಾರು?"

ಪಾಸ್ಟರು ಹಿರಿಯರ ಮುಖ ನೋಡಿದರು. ಹಿರಿಯರು ಬೇವಿನ ಗಿಡ ನೋಡಿದರು.

"ಕೂಡಿ ಮಾತಾಡ್ತೇವಿ," ಎಂದರು ಪಾಸ್ಟರು. "ಸದ್ಯಾ ಮನಿಗೆ ನಡಿ."

*

ಶುಭಶುಕ್ರವಾರದ ನಾಟಕ ಆಡಬೇಕೆಂದು ಗೋಕಾಕ ಫಾಲ್ಸಿನ ಸಭೆಯವರು ಮೊದಲ ಸಲ ಕೂತಾಗ ಪರಶುರಾಮ ಹುಟ್ಟಿರಲಿಲ್ಲ. ಯೂದ ಸಿಕ್ಕ, ಸಿಪಾಯಿಗಳು ಸಿಕ್ಕರು. ಯೇಸುವನ್ನು ಸಾವಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವ ಪಿಲಾತನ ಪಾತ್ರ ಹರೆಯದ ಸಾಲೋಮನ್ನರಿಗೆ ಸಿಕ್ಕಿತು. ಅದನ್ನು ಅವರು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಯೇಸು ಮಾತ್ರ ಸಿಗಲಿಲ್ಲ. ನಂಬಿದವನೊಬ್ಬ, ದಿನ ಬೆಳಗಾದರೆ ಪಾಪ ಮಾಡುವವನು, ಸ್ವಾಮಿಯ ನಿಲುವಂಗಿ ತೊಟ್ಟು ನಾನೇ ಅವನು ಎನ್ನುವುದು ದೇವದೂಷಣೆಯಲ್ಲವೇ ಎಂದು ಯಾರೋ ಎತ್ತಿದರು. ಅದಕ್ಕೆ ಎದುರಾಡುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಹಳೆಯ ಪಾಸ್ಟರ್ ದೇವದಾನಪ್ಪ ಒಂದು ದಾರಿ ಹುಡುಕಿದರು. ನಮ್ಮವರು ಬೇಡ, ಹೊರಗಿನವನು ಮಾಡಲಿ. ಅವನಿಗೆ ದೂಷಣೆ ತಾಕುವುದಿಲ್ಲ.

ಅದೇ ವರ್ಷ ಅರಭಾವಿ ಕಡೆಯ ಕುರಿಹಟ್ಟಿಯಿಂದ ಅಲ್ಲಪ್ಪ ಮಿಲ್ಲಿಗೆ ಸೇರಿದ್ದ. ಬೀರದೇವರ ಹರಕೆಗೆಂದು ಬಿಟ್ಟ ಕೂದಲು ಭುಜ ಮುಟ್ಟುತ್ತಿತ್ತು. ಉದ್ದ ಮುಖ, ಬಡಕಲು ಎದೆ. ದನಿಯಂತೂ ಒಂದು ಗುಡ್ಡದಿಂದ ಇನ್ನೊಂದು ಗುಡ್ಡದ ಕುರಿ ಕರೆದು ಬೆಳೆದದ್ದು. ಮೊದಲ ವರ್ಷ ಶಿಲುಬೆಯ ಮೇಲೆ, ದೇವರೇ ಯಾಕೆ ಕೈಬಿಟ್ಟೆ ಎಂದು ಅವನು ಒದರಿದಾಗ ತೂಗುಸೇತುವೆಯ ಆಚೆ ಇದ್ದವರು ಓಡಿ ಬಂದಿದ್ದರಂತೆ. ಆಮೇಲೆ ಹುಕ್ಕೇರಿ, ಮೂಡಲಗಿಯವರೂ ಆಟಕ್ಕೆ ಕರೆಯತೊಡಗಿದರು. ಹರಕೆ ತೀರಿತು, ಕೂದಲು ಉಳಿಯಿತು.

ವರ್ಷಕ್ಕೊಮ್ಮೆ ಸ್ಮಶಾನದ ಶೆಡ್ಡಿನಲ್ಲಿ ದೇವದಾನಪ್ಪನವರೇ ಅವನಿಗೆ ಬಣ್ಣ ಹಚ್ಚುತ್ತಿದ್ದರು. ಹಚ್ಚುತ್ತ ಹೇಳುತ್ತಿದ್ದರು.

"ಅಂವ ದೇವ್ರೋ ಮನಷ್ಯಾನೋ ಅಂತ ಹಿಂದ ಊರೂರಿಗೆ ಬಡದಾಡ್ಯಾರೋ ಅಲ್ಲಪ್ಪಾ. ಅರಿಯಸ್ ಅಂತ ಒಬ್ಬಾಂವ ಇದ್ದ, ಈಜಿಪ್ಟ್ ದೇಶದಾಗ. ಮಗಾ ಅಪ್ಪನ ಸರಿಸಮಾ ಅಲ್ಲ, ಅಪ್ಪ ಮಾಡಿದಾಂವ ಅಂದ. ಬಾದಶಹಾ ಬಿಷಪ್ಪರನ್ನೆಲ್ಲಾ ನೈಸಿಯಾ ಅನ್ನೂ ಊರಿಗೆ ಕರಿಸಿದ. ಅವ್ರು ಕುಂತು ಅರಿಯಸಂದು ತಪ್ಪು ಅಂತ ಬರದ್ರು. ಮುಗೀತೇನು? ಇಲ್ಲ. ರೊಟ್ಟಿ ತರಾಕ ಹೋದ್ರ ರೊಟ್ಟಿ ಮಾರಾಂವನೂ ಇದನ್ನ ವಾದಾ ಮಾಡ್ತಿದ್ನಂತ."

"ರೊಟ್ಟಿ ಕೊಡ್ತಿದ್ನಿಲ್ರಿ?"

ಪಾಸ್ಟರು ನಕ್ಕರು, ಬಣ್ಣ ಕಿವಿಗೆ ಹೋಯಿತು. "ಮತ್ತೊಂದಿಷ್ಟು ಮಂದಿ, ದೇವ್ರಿಗೆ ನೋವು ಆಗೂದ ಇಲ್ಲ, ಶಿಲುಬಿ ಮ್ಯಾಲ ಕಂಡಿದ್ದು ಬರೇ ತೋರಿಕಿ ಅಂದ್ರು. ಕೆಲವ್ರಂತೂ, ಶಿಲುಬಿ ಹೊರಾಕ ಹಿಡದಿದ್ರಲ್ಲ ಹಾದಿಹೋಕ ಸೀಮೋನ, ಅವನ್ನ ಏರಿಸಿದ್ರು, ಸ್ವಾಮಿ ಬಾಜೂಕ ನಿಂತು ನಗತಿದ್ದ ಅಂದ್ರು."

ಅಲ್ಲಪ್ಪ ಬಣ್ಣದ ಮುಖ ಎತ್ತಿದ. "ಹಂಗಾರ ನಾ ಆ ಸೀಮೋನ ಏನ್ರಿ?"

"ಹುಚ್ಚ. ಅದು ತಪ್ಪು ಬೋಧನಾ. ಅಂವ ಖರೇ ದೇವ್ರು, ಖರೇ ಮನಷ್ಯಾ. ಎರಡೂ ಕಲಸಂಗಿಲ್ಲ, ಎರಡೂ ಬಿಡಸಾಕ ಬರಂಗಿಲ್ಲ. ಕಾಲ್ಸೆಡಾನ್ ಸಭಾದಾಗ ಹಂಗ ಠರಾವು ಆಗೇತಿ. ನೋವು ಮಾತ್ರ ಖರೇ. ನೀ ಒದರು."

ಕೊನೆಯ ಮಾತೊಂದನ್ನು ಬಿಟ್ಟು ಅಲ್ಲಪ್ಪನಿಗೆ ಏನೂ ತಿಳಿದಿರಲಿಲ್ಲ. ಅವನು ಒದರಿದ.

*

ಅಲ್ಲಪ್ಪನ ಅಣ್ಣ ಬೀರಸಿದ್ದಪ್ಪನ ಕುರಿ ಆ ವಾರ ಹುಕ್ಕೇರಿಯ ಆಚೆ ತಂಗಿದ್ದವು. ತಮ್ಮನ ಸುದ್ದಿ ತಿಳಿದು ಮೊದಲ ಬಸ್ಸಿಗೆ ಬಂದವನು ಕಂಬಳಿ ಸಮೇತ ಹೊಸ್ತಿಲಲ್ಲೇ ನಿಂತ.

"ಒಳಗ ಬರಬೇಕೋ ಬ್ಯಾಡೋ? ನೀವ್ ಈಗ ಯಾವ ಮಂದ್ಯಾಗ ಅದೀರೋ ನಂಗ ಖಬರಿಲ್ಲ."

"ನಮಗೂ ಖಬರಿಲ್ಲ ಬಾ ಭಾವಾ," ಎಂದಳು ಮಾಯವ್ವ.

ಅವನು ಹೆಣದ ತಲೆಯ ಬಳಿ ಕೂತು, ಸೊಂಟದ ಚೀಲದಿಂದ ಭಂಡಾರ ತೆಗೆದು ತಮ್ಮನ ಹಣೆಗೆ ಹಚ್ಚಿದ. ಅರಿಶಿನದ ಪುಡಿ ನರೆತ ಕೂದಲಿಗೂ ಉದುರಿತು.

"ದೊಡ್ಡಪ್ಪಾ, ಇದನ್ನ ಅವ್ರು ನೋಡಿದ್ರ ಮುಗೀತು," ಎಂದ ಪರಶುರಾಮ.

"ನೋಡ್ಲಿ. ಅವ್ರು ಒಲ್ಲೆ ಅಂದ್ರಂತಲ್ಲ? ಅರಭಾವಿ ಹೊಲದಾಗ ನಮ್ಮಪ್ಪನ ಬಾಜೂಕ ಇಡೂಣ ನಡಿ. ಅಲ್ಲಿ ಯಾರೂ ನೀ ಯಾರು ಅಂತ ಕೇಳೂದಿಲ್ಲ."

"ಇಲ್ಲೇ ಅಂದಾನ," ಎಂದಳು ಮಾಯವ್ವ.

"ಯಾಕ ಅಂತ?"

"ಯಾಕೋ. ಕೇಳಿದ್ರ ಎದಿ ಹಿಡ್ಕೊಂಡ. ಮಾತ ಹೊಂಡಲಿಲ್ಲ."

ಹಿಂದಿನ ದಿನ ಮಧ್ಯಾಹ್ನ ಅವಳು ಸಂತೆಗೆ ಹೋಗಿದ್ದಳು, ಪರಶುರಾಮ ಮೂಡಲಗಿಯಲ್ಲಿದ್ದ. ಅವಳು ಮರಳಿದಾಗ ಅಲ್ಲಪ್ಪನಲ್ಲಿ ಸ್ವಲ್ಪವೇ ಉಸಿರಿತ್ತು. ಆ ಉಸಿರಿನಲ್ಲೇ ಅವಳಿಗೆ ಬೇವಿನ ಗಿಡದ ಮಾತು ಹೇಳಿ ಮುಗಿಸಿದ್ದ.

ಪಕ್ಕದ ಮನೆಯ ದುಂಡವ್ವ ಬೆಳಗಿನಿಂದ ಗೋಡೆಗೆ ಒರಗಿ ಕೂತಿದ್ದವಳು ಈಗ ಬಾಯಿ ಬಿಟ್ಟಳು. "ನಾ ಕೇಳೇನಿ ಮಾಯವ್ವಾ."

"ಏನ ಕೇಳೀದಿ?"

"ಒದರಿದ್ದು. ನಿನ್ನೆ. ಭಾಳ ಹೊತ್ತು ಒದರಿದ. ಶುಕ್ರವಾರ ಹತ್ರ ಬಂತಲ್ಲ, ತಾಲೀಮ ಮಾಡಾಕತ್ತಾನ ಅನ್ಕೊಂಡೆ. ಎರಡ ವರ್ಷ ಆಗಿತ್ತಲ್ಲ ಒದರೂದ ಬಿಟ್ಟು? ಪಾಸ್ಟರು ಮತ್ತ ಒದರು ಅಂದಿರಬೇಕು ಅನ್ಕೊಂಡೆ. ಓಣ್ಯಾನವ್ರೂ ಹಂಗ ಅಂದ್ರು. ಈ ವರ್ಷ ಚಲೋ ಆಗತೈತಿ ನಾಟಕ ಅಂದ್ರವಾ." ಅವಳು ಸೆರಗು ಬಾಯಿಗೆ ತಂದಳು. "ನಾ ಜ್ವಾಳಾ ಹಸನ ಮಾಡ್ಕೊಂತ ಕುಂತಿದ್ದೆ. ಕೇಳ್ಕೊಂತ ಕುಂತಿದ್ದೆ."

ಪರಶುರಾಮನ ಕೈ ತಾನಾಗಿ ಮುಷ್ಟಿಯಾಯಿತು, ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಮತ್ತೆ ಬಿಚ್ಚಿತು. ದುಂಡವ್ವ ಅವನನ್ನು ಎತ್ತಿ ಆಡಿಸಿದವಳು.

*

ಒದರಬೇಡ ಎಂದದ್ದು ಹೊಸ ಪಾಸ್ಟರು. ದೇವದಾನಪ್ಪ ತೀರಿಕೊಂಡ ಮೇಲೆ ಬಂದು, ಮೊದಲ ತಾಲೀಮು ನೋಡಿ ಕಿವಿ ಮುಚ್ಚಿಕೊಂಡಿದ್ದರು.

"ಅಷ್ಟ ಒದರಬಾರದು ಅಲ್ಲಪ್ಪಾ. ದೇವರು ಒದ್ದಾಡೂದಿಲ್ಲ. ನೋವು ಆಗಿದ್ದು ಮನುಷ್ಯ ಸ್ವಭಾವಕ್ಕ."

"ಹಂಗಾರ ಒದರಿದಾಂವ ಯಾಂವ್ರಿ?"

"ಅದ. ಮನುಷ್ಯ ಸ್ವಭಾವ."

"ಅದಕ್ಕ ಬ್ಯಾರೆ ಬಾಯಿ ಇತ್ತೇನ್ರಿ?"

ಪಾಸ್ಟರು ಅದನ್ನು ಚೇಷ್ಟೆ ಎಂದುಕೊಂಡು ಮುಖ ಬಿಗಿದರು. ಚೇಷ್ಟೆಯಲ್ಲ. ಅಲ್ಲಪ್ಪ ಮನೆಯ ಕನ್ನಡಿಯ ಮುಂದೆ ವಾರವಿಡೀ ನಿಂತು ನೋಡಿದ. ಹುಕ್ಕೇರಿಯ ಆಟದಲ್ಲಿ ಎರಡನ್ನೂ ಒಟ್ಟಿಗೆ ಮಾಡಲು ಹೋದ: ಕಣ್ಣು ಶಾಂತ, ಬಾಯಿ ಮಾತ್ರ ಒದರಬೇಕು. ಹಲ್ಲುನೋವು ಬಂದವನಂತೆ ಕಂಡ. ಮುಂದೆ ಕೂತವರು ನಕ್ಕರು. ಪಿಲಾತನ ಕಿರೀಟದಡಿ ಸಾಲೋಮನ್ ಹಿರಿಯರೂ ನಕ್ಕರು. ಆಮೇಲಿನ ಎರಡು ವರ್ಷ ಬಾಯಿ ಮುಚ್ಚಿಕೊಂಡೇ ತೂಗಿದ. ಜನ ಬೇಗ ಎದ್ದು ಹೋದರು.

"ಯಾಕ ಬಾಯಿ ಮುಚ್ಚಿದಿ?" ಎಂದು ಪರಶುರಾಮ ಜಗಳಕ್ಕೇ ನಿಂತಿದ್ದ. "ಅವ್ರ ಅಂದ್ರ ಮುಚ್ಚೂದೇನು?"

"ಅವ್ರು ಕಲತವ್ರಪಾ. ಅಂವ ಹೆಂಗಿದ್ನೋ ನಂಗರ ಏನ್ ಗೊತ್ತು. ಏರಿದಾಗ ಮಾತ್ರ..." ಅಲ್ಲಪ್ಪ ತಡೆದ. "ಏರಿದಾಗ ತೋಳು ಖರೇನ ಜಗ್ಗತಾವು. ಮೊಣಕಾಲು ನಡಗತಾವು. ಅದು ಯಾರದಂತ ಹಿಡೀಲಿ?"

ಆ ಮೊಣಕಾಲಿಗಾಗಿಯೇ ಪರಶುರಾಮ ಅಂಗಡಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿ ಶಿಲುಬೆಯ ಬುಡಕ್ಕೆ ಎರಡು ಬೋಲ್ಟು ಹಾಕಿ ಕೂರಿಸಿದ್ದ. ಜನರಿಗೆ ಕಾಣದಂತೆ ಕಟ್ಟಿಗೆಯ ಬಣ್ಣ ಬಳಿದಿದ್ದ. ಅಲ್ಲಪ್ಪ ಅದರ ಮೇಲೆ ಹಿಮ್ಮಡಿ ಊರಿ ನಿಂತು, ತೋಳು ಚಾಚಿ, ಮಗನ ಕಡೆ ನೋಡಿ ನಕ್ಕಿದ್ದ. "ಹಿಂಗಿದ್ರ ಇನ್ನೂ ಹತ್ತ ವರ್ಷ ಸಾಯಬೌದು ನೋಡು."

ಆ ವರ್ಷವೂ ಹೋಗಿ ಸ್ನಾನ ಕೇಳಿದ. ದೇವದಾನಪ್ಪನವರ ಕಾಲದಿಂದ ಕೇಳುತ್ತಲೇ ಇದ್ದ. ಸಾಲೋಮನ್ ಹಿರಿಯರು ಪ್ರೀತಿಯಿಂದಲೇ ಹೆಗಲ ಮೇಲೆ ಕೈ ಇಟ್ಟರು. "ಸ್ನಾನಾ ತಗೊಂಡ್ರ ನೀ ನಮ್ಮಾಂವ ಆಕ್ಕೀಯೋ ಅಲ್ಲಪ್ಪಾ. ನಮ್ಮಾಂವ ಆದ್ರ ಆ ಪಾರ್ಟ್ ಮಾಡಾಕ ಬರೂದಿಲ್ಲ. ಹಬ್ಬ ಮುಗೀಲಿ ತಡಿ." ಹಬ್ಬ ಮುಗಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ವರ್ಷದ ಆಟಕ್ಕೆ ಮೂಡಲಗಿಯವರು ಮಾತು ತೆಗೆದುಕೊಂಡಿರುತ್ತಿದ್ದರು.

*

ಮಧ್ಯಾಹ್ನದ ಹೊತ್ತಿಗೆ ಚರ್ಚಿನಿಂದ ಹೇಳಿಕಳಿಸಿದರು. ಗೋಡೆಯ ಒಳಗೇ, ಬೇವಿನ ಗಿಡದ ಬಳಿ, ತೋಡಿಕೊಳ್ಳಲಿ. ಮನಸ್ಸು ಯಾಕೆ ತಿರುಗಿತೆಂದು ಬಂದವನು ಹೇಳಲಿಲ್ಲ. ಮಾಯವ್ವ ಕೈ ಮುಗಿದಳು. ಪರಶುರಾಮ ತಾನೇ ತೋಡಿದ, ಯಾರಿಗೂ ಸಲಿಕೆ ಕೊಡಲಿಲ್ಲ.

ಹೆಣ ಗೇಟಿಗೆ ಬಂದಾಗ ಪಾಸ್ಟರ ಕಣ್ಣು ಹಣೆಯ ಭಂಡಾರದ ಮೇಲೆ ನಿಂತಿತು. ಅವರು ಕಿಸೆಯಿಂದ ಕರವಸ್ತ್ರ ತೆಗೆದರು. ಬೀರಸಿದ್ದಪ್ಪ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಪಾಸ್ಟರು ಅದೇ ವಸ್ತ್ರದಿಂದ ತಮ್ಮ ಕತ್ತು ಒರೆಸಿಕೊಂಡು ಮಡಚಿಟ್ಟರು.

ಗುಂಡಿಯ ಅಂಚಿನಲ್ಲಿ ನಿಂತು ಅವರು ಪ್ರಾರ್ಥಿಸಿದರು. ಪುಸ್ತಕದ ಕನ್ನಡದಲ್ಲಿ ನಾಲ್ಕು ಒಳ್ಳೆಯ ಮಾತೂ ಹೇಳಿದರು. "ನಮ್ಮ ಅಲ್ಲಪ್ಪನವರು ಕೊನೆಯ ಗಳಿಗೆಯಲ್ಲಿ ಒಮ್ಮೆಯೂ ನರಳಲಿಲ್ಲ, ಕೂಗಲಿಲ್ಲ. ಕುರಿಮರಿಯ ಹಾಗೆ ಶಾಂತವಾಗಿ ಹೋದರು."

ದುಂಡವ್ವ ನೆಲ ನೋಡಿದಳು.

"ಕುರಿಮರಿ ಶಾಂತ ಹೊಕ್ಕಾವು ಅಂತ ಯಾರ ಹೇಳ್ಯಾರೋ ಇವ್ರಿಗೆ," ಎಂದು ಬೀರಸಿದ್ದಪ್ಪ ಯಾರಿಗೂ ಅಲ್ಲದಂತೆ ಅಂದ.

ಮಣ್ಣು ಮುಚ್ಚಿದ್ದಾಯಿತು. ಸಾಲೋಮನ್ ಹಿರಿಯರು ಒಂದು ಹಿಡಿ ಹಾಕಿ, ಶೆಡ್ಡಿನ ಬಳಿಯ ಕೊಡದ ನೀರಿನಲ್ಲಿ ನಿಧಾನವಾಗಿ, ಬೆರಳ ಸಂದು ಬಿಡದೆ, ಕೈ ತೊಳೆದರು. ಆಮೇಲೆ ಎಲ್ಲರ ಮುಂದೆ ಪರಶುರಾಮನನ್ನು ಕರೆದರು.

"ಆದದ್ದಾತು ತಮ್ಮಾ. ಸಿಟ್ಟಿನಾಗ ನಾ ಏನೋ ಅಂದೆ, ಮನಸಿಗೆ ಹಚ್ಕೋಬ್ಯಾಡ. ಈಗ ಹುಕ್ಕೇರಿಯವ್ರು ಫೋನ್ ಹಚ್ಚಾಕತ್ತಾರ, ಮೂಡಲಗಿಯವ್ರು ಹಚ್ಚಾಕತ್ತಾರ. ಶುಕ್ರವಾರ ಬಂದ ಬಿಡ್ತು. ನಿಂದು ಅಪ್ಪನ ಮಾರಿ, ಅಪ್ಪನ ಎತ್ತರ. ನೀನ ಏರಬೇಕು."

"ಇವನಿಗೂ ಸ್ನಾನ ಆಗಿಲ್ಲ," ಎಂದರು ಪಾಸ್ಟರು. "ತೊಡಕೇನಿಲ್ಲ."

"ಹೂಂ. ಮತ್ತ ನಿಮ್ಮಪ್ಪಗ ಜಾಗಾನೂ ಕೊಟ್ಟೇವಿ. ಏನಂತಿ?"

ಜನ ಅವನ ಬಾಯಿ ನೋಡುತ್ತಿದ್ದರು. ಮಾಯವ್ವನೂ ನೋಡುತ್ತಿದ್ದಳು, ಅವಳ ಮುಖದಲ್ಲಿ ಬೇಡ ಎಂಬುದಿತ್ತೋ ಹೂಂ ಎಂಬುದಿತ್ತೋ ಅವನಿಗೆ ಗೊತ್ತಾಗಲಿಲ್ಲ.

ಶಿಲುಬೆ ಶೆಡ್ಡಿನ ಗೋಡೆಗೆ ಒರಗಿತ್ತು. ಪರಶುರಾಮ ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಪ್ಯಾಂಟಿನ ಕಿಸೆಯಲ್ಲಿ ಯಾವಾಗಲೂ ಇರುವ ಪಾನಾ ತೆಗೆದು ಮೊದಲ ಬೋಲ್ಟಿಗೆ ಹಾಕಿದ. ಅದು ಸಲೀಸಾಗಿ ಬಂತು. ಎರಡನೆಯದು ತುಕ್ಕು ಹಿಡಿದಿತ್ತು. ಎದ್ದು ನಿಂತು ಪಾನಾಕ್ಕೆ ಕಾಲಿನಿಂದ ಒದ್ದ. ಕಬ್ಬಿಣ ಕಿರುಗುಟ್ಟಿ ಸಡಿಲಾಯಿತು. ಪಟ್ಟಿ ಕೈಗೆ ಬಂತು.

"ಏನಂತಿಯೋ?" ಎಂದರು ಹಿರಿಯರು. ಅವರ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಅವನು ಬೋಲ್ಟುಗಳನ್ನು ಕಿಸೆಗೆ ಹಾಕಿಕೊಂಡ. ಪಟ್ಟಿಯನ್ನು ಸಲಿಕೆಯ ಜೊತೆ ಹೆಗಲಿಗೇರಿಸಿ ಜನರ ನಡುವಿನಿಂದ ಗೇಟಿನ ಕಡೆ ನಡೆದ. ಪಟ್ಟಿಯ ಮೇಲೆ ಕಟ್ಟಿಗೆಯ ಬಣ್ಣ ಸವೆದು ಎರಡು ಹಿಮ್ಮಡಿಯ ಗುರುತು ಬೋಳಾಗಿತ್ತು. ಅವನು ರಸ್ತೆಯ ತಿರುವು ದಾಟುವವರೆಗೂ ಅವೆರಡರ ಮೇಲೆ ಬಿಸಿಲು ಮಿಂಚುತ್ತಿತ್ತು.