ಜೋಡಿಯಿಲ್ಲದ ಸಂಖ್ಯೆ

ಆ ಬೆಳಗ್ಗೆ ಅಮೆರಿಕದ ಹರ್ನ್‌ಡನ್ನಿನಲ್ಲಿ ಮಳೆ ಬಿದ್ದಲ್ಲೇ ಗಾಜಾಗುತ್ತಿತ್ತು. ಮರದ ಕಡ್ಡಿಕಡ್ಡಿಗೂ ಮಂಜುಗಡ್ಡೆಯ ಕವಚ. ಎಲ್ಲೋ ಒಂದು ಕೊಂಬೆ ಭಾರ ತಾಳದೆ ಮುರಿದ ಸದ್ದು, ಮತ್ತೆ ಮೌನ. ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಿಂದ ಒಂದು ವಿಮಾನವೂ ಏಳಲಿಲ್ಲ.

ಬಸವಕುಮಾರ ಪೂಜೆಗೆ ಕೂತಿದ್ದ. ಅಂಗೈಯಲ್ಲಿ ಲಿಂಗವಿತ್ತು, ದೃಷ್ಟಿ ಮಾತ್ರ ಅದರ ಮೇಲೆ ನಿಲ್ಲದೆ ಕಿಟಕಿಗೆ ಜಾರುತ್ತಿತ್ತು. ಈಚೆಗೆ ದಿನವೂ ಹೀಗೇ.

"ಸಾಲಿ ಬಂದ್ ಐತಿ, ಸರ್ಕಾರಿ ಆಫೀಸ್ ಬಂದ್ ಅದಾವ. ನಿಮ್ಮದೊಂದ ತೆರದೈತೇನು?" ಹೆಂಡತಿ ನೀರಜಾ ಒಲೆಯ ಹತ್ತಿರದಿಂದಲೇ ಕೇಳಿದಳು.

"ಹೆಡ್ ಆಫೀಸಿನವ ನಿನ್ನೇನ ಬಂದು ಹೋಟೆಲಿನ್ಯಾಗ ಇಳದಾನ."

"ಇಂಥಾ ದಿನ ಯಮನೂ ರಜಾ ಹಾಕ್ತಾನ. ಇವ ಹಾಕಂಗಿಲ್ಲ ನೋಡ್ರಿ."

ಅವನು ನಗಲಿಲ್ಲ. ಅವಳು ಸೌಟು ಕೆಳಗಿಟ್ಟಳು. "ಏನ್ ಕೇಳ್ತಾನಂತ?"

"ಇಂಟರ್‌ವ್ಯೂದಾಗ ಮಾಡಿದ್ದ ಲೆಕ್ಕಾನ ಬೋರ್ಡ್ ಮ್ಯಾಲೆ ಮತ್ತ ಮಾಡಸ್ತಾನ. ಬರತೈತಿ ಬಿಡು ಈಗ."

"ಲೆಕ್ಕಾ ಬರತೈತಿ. ದನಿ?"

ಬಸವಕುಮಾರ ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದ.

ಹಿಂದಿನ ಬೇಸಿಗೆಯಲ್ಲಿ ಅವನ ಕೆಲಸ ಹೋಗಿತ್ತು. ಬೇಗ ಇನ್ನೊಂದು ಸಿಗದಿದ್ದರೆ ವೀಸಾವೂ ಹೋಗುತ್ತಿತ್ತು. ಆಗ ಕೆಲಸ ಹುಡುಕಿಕೊಡುವ ಕನ್ಸಲ್ಟೆನ್ಸಿಯವರೇ ಹರಿಪ್ರಸಾದ ಎನ್ನುವವನನ್ನು ಗೊತ್ತು ಮಾಡಿದರು. ಫೋನ್ ಇಂಟರ್‌ವ್ಯೂನಲ್ಲಿ ಇವನ ಹೆಸರಿಗೆ ಅವನು ಓಗೊಟ್ಟ, ಪ್ರಶ್ನೆಗಳಿಗೂ ಅವನೇ ಉತ್ತರ ಹೇಳಿದ. ಇವನು ಅದೇ ಕರೆಯಲ್ಲಿ ಮ್ಯೂಟ್ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಇನ್ನೊಬ್ಬ ತಾನಾಗುವುದನ್ನು ಕೇಳಿಸಿಕೊಂಡ. ಊರಲ್ಲಿ ಅಜ್ಜಿಯರು ಹೇಳುತ್ತಿದ್ದರು: ಕತ್ತಲಲ್ಲಿ ಒಬ್ಬನ ಹೆಸರು ಹಿಡಿದು ಕರೆದರೆ ಇನ್ನೊಬ್ಬ ಓಗೊಡಬಾರದು, ಓಗೊಟ್ಟವನ ಹಿಂದೆಯೇ ಹೆಸರು ಹೊರಟುಹೋಗುತ್ತದೆ. ಕೆಲಸ ಸಿಕ್ಕಿತು. ಅಂದಿನಿಂದ ಯಾರಾದರೂ "ಬಸವ್" ಎಂದು ಕೂಗಿದರೆ ಅವನು ಒಂದು ಗಳಿಗೆ ತಡೆದೇ ತಿರುಗುತ್ತಿದ್ದ.

ಆಫೀಸಿನಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿದ್ದವು. ಅವನ ಪಕ್ಕದ ಎರಡು ಮೇಜುಗಳು ವಾರದಿಂದ ಖಾಲಿ. ಅಲ್ಲಿದ್ದವರನ್ನು ಹೆಡ್ ಆಫೀಸಿನ ಆ ಬೂದು ಕೋಟಿನವನೇ ಹೋದ ವಾರ ಬಂದಾಗ ಇಂಟರ್‌ವ್ಯೂ ಬಗ್ಗೆ ಒಂದು ಪ್ರಶ್ನೆ ಕೇಳಿ ಮನೆಗೆ ಕಳಿಸಿದ್ದ. ಒಂದು ಮೇಜಿನ ಮೇಲೆ ಅರ್ಧ ಕುಡಿದು ಬಿಟ್ಟುಹೋದ ಕಾಫಿ ಕಪ್ಪು ಹಾಗೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಮೀಟಿಂಗ್ ಕೋಣೆಯಲ್ಲಿ ಬೂದು ಕೋಟಿನವನ ಪಕ್ಕ ಶಿಫಾ ಕೂತಿದ್ದಳು. ಮೈಸೂರಿನವಳು, ಅವನ ಮ್ಯಾನೇಜರ್. ಅಂದು ಫೋನಿನಲ್ಲಿ ಇಂಟರ್‌ವ್ಯೂ ಮಾಡಿದವಳೂ ಅವಳೇ. ಅವಳು ತಲೆಯೆತ್ತಲಿಲ್ಲ.

ಲೆಕ್ಕ ಅದೇ. ಕೋಟಿಗಟ್ಟಲೆ ಸಂಖ್ಯೆಗಳ ಒಂದು ಅರೇ, ಉದ್ದನೆಯ ಸಾಲು. ಪ್ರತಿ ಸಂಖ್ಯೆಯೂ ಎರಡು ಸಲ ಬರುತ್ತದೆ, ಒಂದು ಮಾತ್ರ ಒಂಟಿ. ಆ ಒಂಟಿಯನ್ನು ಹಿಡಿಯಬೇಕು. ಒಂದೊಂದಕ್ಕೂ ಜೋಡಿ ಹುಡುಕುತ್ತ ಸಾಲನ್ನು ಮತ್ತೆ ಮತ್ತೆ ಸುತ್ತಿದರೆ ಸಮಯ ಸಾಲದು. ಕಂಡದ್ದನ್ನೆಲ್ಲ ಕೂಡಿಟ್ಟುಕೊಂಡರೆ ಮೆಮೊರಿ ಸಾಲದು. ಕೆಲಸಕ್ಕೆ ಸೇರಿದ ಮೇಲೆ ಬಸವಕುಮಾರ ಇದನ್ನು ಹಟ ಹಿಡಿದು ಕಲಿತಿದ್ದ. ಕೈಯಲ್ಲಿ ಒಂದೇ ಪಾತ್ರೆ ಹಿಡಿದು ಸಾಲಿನಗುಂಟ ಒಮ್ಮೆ ನಡೆದರೆ ಸಾಕು. ಎದುರಾದ ಸಂಖ್ಯೆಯನ್ನು ಎಕ್ಸಾರ್ ಮಾಡಿ, ಅಂದರೆ ಒಂದೇ ಥರದ ಎರಡು ಸೇರಿದರೆ ಸೊನ್ನೆಯಾಗುವ ಹಾಗೆ, ಅದರಲ್ಲಿ ಬೆರೆಸುತ್ತ ಹೋಗುವುದು. ಅದರ ಜೋಡಿ ಬಂದಾಗ ಎರಡೂ ಕರಗಿಹೋಗುತ್ತವೆ, ಕೊನೆಗೆ ಪಾತ್ರೆಯಲ್ಲಿ ಒಂಟಿಯೊಂದೇ ಉಳಿಯುತ್ತದೆ. ಹೆಣ್ಣುಮಕ್ಕಳು ಉಡಿ ತುಂಬುವ ರವಿಕೆ ಖಣದ ಮುಯ್ಯಿಯ ಹಾಗೆ. ಕೊಟ್ಟದ್ದು ತಿರುಗಿ ಬಂದರೆ ತೀರಿತು, ತಿರುಗದೆ ಇದ್ದದ್ದು ಉಳಿಯಿತು.

ಅವನು ಬರೆದು ಮುಗಿಸಿದ. ಬೂದು ಕೋಟಿನವನು ಬೋರ್ಡನ್ನು ನೋಡಿದ, ಅವನನ್ನು ನೋಡಿದ, ಚೆನ್ನಾಗಿದೆ ಎಂದ. ಇಬ್ಬರೂ ಸ್ವಲ್ಪ ಹೊತ್ತು ಹೊರಗೆ ಕಾಯಬೇಕು, ಆಮೇಲೆ ಶಿಫಾಳನ್ನು ಕರೆಯುತ್ತೇನೆ ಎಂದ.

ಕಾಫಿ ಮಷೀನಿನ ಬಳಿ ಶಿಫಾ ಕನ್ನಡದಲ್ಲಿ ಕೇಳಿದಳು. "ತುಂಬಾ ಚೆನ್ನಾಗಿ ಮಾಡಿದ್ರಿ. ಯಾವಾಗ ಕಲಿತ್ರಿ?"

ಅವನು ಮಷೀನಿನ ಕಡೆ ತಿರುಗಿ ಕಪ್ಪು ಇಟ್ಟ.

"ಅವತ್ತು ಕಾಲ್ ಮುಗಿಯೋವಾಗ ಸುಮ್ನೆ ಊರು ಯಾವ್ದು ಅಂದೆ. 'ನಮ್ದು ಗದಗ ಕಣ್ರೀ' ಅಂದ ಪುಣ್ಯಾತ್ಮ. ಗದಗಿನೋರು ಯಾರಾದ್ರೂ ಕಣ್ರೀ ಅಂತಾರಾ? ಆಗ್ಲೇ ಡೌಟ್ ಬಂತು. ನೀವು ಫಸ್ಟ್ ಡೇ ಬಂದು ಬಾಯ್ಬಿಟ್ರಿ ನೋಡಿ, ಮುಗೀತು."

"ಮತ್ತ ಹೇಳಲಿಲ್ಲಲ್ಲ ಮೇಡಂ?"

"ಮಂಡೇ ಹೇಳೋಣ, ಮಂಡೇ ಹೇಳೋಣ ಅನ್ಕೊಂಡೆ. ನೀವು ಎಲ್ಲರಿಗಿಂತ ಮುಂಚೆ ಬರ್ತಿದ್ರಿ, ಕೆಲಸಾನೂ ಮಾಡ್ತಿದ್ರಿ. ವಿಂಟರ್ ಬಂದೇಬಿಡ್ತು." ಅವಳು ಕೈಯಲ್ಲಿನ ಕಪ್ಪನ್ನು ತಿರುಗಿಸುತ್ತ ಬಾಗಿಲ ಕಡೆ ನೋಡಿದಳು. "ಈಗ ನನ್ನ ಒಳಗೆ ಕರೆದು ಒಂದೇ ಕ್ವೆಶ್ಚನ್ ಕೇಳ್ತಾನೆ. ಆ ವಾಯ್ಸ್ ಇವರದೇನಾ ಅಂತ."

"ಏನ್ ಹೇಳ್ತೀರಿ?"

"ಹೌದು ಅಂತ." ಅವಳು ನೆಲ ನೋಡಿದಳು. "ಬೆಳಿಗ್ಗೆ ನಮಾಜಿಗೆ ನಿಂತಾಗ್ಲೂ ಅದನ್ನೇ ಪ್ರಾಕ್ಟೀಸ್ ಮಾಡ್ತಿದ್ದೆ. ನನ್ನ ಗತಿ ನೋಡಿ."

ಬಸವಕುಮಾರನಿಗೆ ನೀರಜಾಳ ಮುಖ ಒಮ್ಮೆ ಕಣ್ಣೆದುರು ಬಂತು. ಮಗಳ ಶಾಲೆ, ಮನೆಯ ಬಾಡಿಗೆಪತ್ರ, ಊರಿಗೆ ಹೇಳಬೇಕಾದ ಮಾತು ಒಂದರ ಹಿಂದೊಂದು ಬಂದವು. ಇವೆಲ್ಲ ಉಳಿಯಬೇಕಾದರೆ ಎದುರಿಗೆ ನಿಂತಿರುವ ಈ ಹೆಂಗಸು ಒಳಗೆ ಹೋಗಿ ಒಂದು ಪದ ಹೇಳಿದರೆ ಸಾಕು. ಈ ಸಲವೂ ಅವನ ಹೆಸರಿಗೆ ಇನ್ನೊಬ್ಬರೇ, ಅದೂ ಸುಳ್ಳು ಹೇಳಿ, ಓಗೊಡಬೇಕು.

ಬಾಗಿಲು ತೆರೆಯಿತು. ಬೂದು ಕೋಟಿನವನು ಶಿಫಾಳ ಕಡೆ ನೋಡಿ ಕೈಸನ್ನೆ ಮಾಡಿದ. ಅವಳು ಕಪ್ಪು ಕೆಳಗಿಟ್ಟು ದುಪಟ್ಟಾ ಸರಿಮಾಡಿಕೊಂಡಳು.

"ನೀವು ಇಲ್ಲೇ ಇರ್ರಿ ಮೇಡಂ," ಎಂದ ಬಸವಕುಮಾರ.

"ಬಸವ್, ನೀವು ಸುಮ್ನಿರಿ. ಮನೇಲಿ ಮಗು ಇದೆ."

"ಅದಕ್ಕ."

ಅವನು ಅವಳನ್ನು ದಾಟಿ ಒಳಗೆ ಹೋಗಿ, ಫೋನಿನಲ್ಲಿ ಮಾತಾಡಿದ್ದು ತಾನಲ್ಲ ಎಂದು ಇಂಗ್ಲಿಷಿನಲ್ಲಿ, ತನ್ನದೇ ದನಿಯಲ್ಲಿ, ನಿಧಾನವಾಗಿ ಹೇಳಿದ. ಆಮೇಲೆ ಕೊರಳಿನಿಂದ ಬ್ಯಾಡ್ಜ್ ತೆಗೆದ. ಅದರ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಡಿಸಿ, ಫೋಟೋ ಮೇಲೆ ಬರುವ ಹಾಗೆ ಮೇಜಿನ ಮೇಲಿಟ್ಟು, ಎರಡು ಬೆರಳಿನಿಂದ ಮೆಲ್ಲಗೆ ಆಚೆ ದೂಡಿದ.