ಹಾಸಿಗೆ ಸಮೇತ ಹೊರಟ ಸ್ಕೂಲ್ ಬಸ್ಸು

ಶಾಲೆಗೆ ವರ್ಷದ ಕೊನೆಯ ರಜೆ ಶುರುವಾದ ದಿನವೇ ಬಸ್ ಡ್ರೈವರಮ್ಮನ ಸಂಸಾರ ಬೀದಿಗೆ ಬಿತ್ತು. ಬೀದಿಗೆ ಅಂದರೆ ಪೂರ್ತಿ ಬೀದಿಗಲ್ಲ, ಬೀದಿಯಲ್ಲಿ ನಿಂತಿದ್ದ ಹಳದಿ ಬಸ್ಸಿಗೆ.

ಇದ್ದ ಮನೆಯನ್ನು ಒಡೆದು ಅಂಗಡಿ ಸಾಲು ಕಟ್ಟಿಸುತ್ತೇನೆಂದು ಮಾಲೀಕ ಮೂರು ತಿಂಗಳ ಹಿಂದೆಯೇ ಹೇಳಿದ್ದ. ಅದೇ ವಾರ ಅವಳ ಗಂಡ, ಒಳ್ಳೇ ಗಾರೆ ಕೆಲಸದವನು, ಏಣಿಯಿಂದ ಜಾರಿ ಕಾಲು ಮುರಿದುಕೊಂಡ. ಒಂದೇ ಸಂಬಳದಲ್ಲಿ ಐದು ಹೊಟ್ಟೆ ತುಂಬಿಸುತ್ತ, ಅದರ ಜೊತೆಗೆ ಮನೆ ಹುಡುಕಿ ಹುಡುಕಿ ಅವಳ ಮೂರು ಜೊತೆ ಚಪ್ಪಲಿ ಸವೆದವು. ಕೊನೆಗೆ ಮಾರ್ಕೆಟ್ಟಿನ ಹಿಂದೆ ಎರಡು ಕೋಣೆ ಗೊತ್ತಾಯಿತು. ಸಾಮಾನು ಸಾಗಿಸಲು ಹೆಡ್ ಮೇಡಂ ಹತ್ತಿರ ಬಸ್ಸು ಕೇಳಿದಳು.

"ಒಂದೇ ದಿನ. ಸಂಜೆ ಶೆಡ್ಡಿನಲ್ಲಿರಬೇಕು" ಅಂದಿದ್ದರು ಮೇಡಂ.

ಹಾಸಿಗೆ ಸುರುಳಿ ಹಿಂದಿನ ಸೀಟಿನಲ್ಲಿ, ಒಲೆ ಮಧ್ಯದಲ್ಲಿ, ಪಾತ್ರೆಗಳು ಶಾಲೆಯ ಪುಟಾಣಿಗಳ ಬ್ಯಾಗು ಇಡುವ ಜಾಗದಲ್ಲಿ. ಗಂಡನ ಬ್ಯಾಂಡೇಜು ಕಾಲಿಗೇ ಒಂದು ಪೂರ್ತಿ ಸೀಟು. ಅತ್ತೆ ಟ್ರಂಕಿನ ಮೇಲೆ, ಬಾಗಿಲ ಪಕ್ಕದಲ್ಲೇ ಪ್ರತಿಷ್ಠಾಪನೆಯಾದರು. ಹತ್ತು ವರ್ಷದ ದೊಡ್ಡ ಮಗಳು ಕನ್ನಡಿ ಹಿಡಿದುಕೊಂಡಳು. ಐದು ವರ್ಷದ ಚಿಕ್ಕವಳನ್ನು ಎಲ್ಲರೂ ಚಿನಕುರುಳಿ ಅಂತಲೇ ಕರೆಯುತ್ತಿದ್ದದ್ದು. ಅವಳು ಏನನ್ನೂ ಹಿಡಿದುಕೊಳ್ಳಲಿಲ್ಲ, ಬಾಯನ್ನಂತೂ ಮೊದಲೇ ಇಲ್ಲ.

ಹೊಸ ಮಾಲೀಕ ಗೇಟಿನ ಹತ್ತಿರವೇ ನಿಂತಿದ್ದ. ಇಳಿಯುವವರನ್ನು ಬೆರಳು ಮಡಚಿ ಎಣಿಸಿದ.

"ಇಷ್ಟೊಂದು ಜನ ಅಂತ ಹೇಳಿರ್ಲಿಲ್ವಲ್ಲಮ್ಮ?"

"ಐದು ಜನ ಅಂತ ಹೇಳಿದ್ನಲ್ಲ ಸರ್."

"ಐದು ಅಂದ್ರೆ ಇಷ್ಟು ಅಂತ ನಂಗೇನು ಗೊತ್ತು?" ಅಂದವನೇ ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದ.

ಬ್ರೋಕರನಿಗೆ ಫೋನು ಮಾಡಿದಳು. ಆ ಕಡೆಯಿಂದ ಸಮುದ್ರದ ಅಲೆಯ ಸದ್ದು, ಮಕ್ಕಳ ಕೇಕೆ. "ರಜೆ ಮುಗೀಲಿ ಅಕ್ಕ, ಬಂದ ತಕ್ಷಣ ನೋಡೋಣ!" ಎಂದು ಕೂಗಿ ಇಟ್ಟುಬಿಟ್ಟ.

ಡ್ರೈವರಮ್ಮ ಸ್ಟೇರಿಂಗ್ ಹಿಡಿದು ಕೂತಳು. ಎದುರಿನ ರಸ್ತೆ ಕಣ್ಣಲ್ಲಿ ಮಸುಕಾಯಿತು. ಸಂಜೆಗೆ ಬಸ್ಸೂ ಕೈಬಿಟ್ಟು ಹೋಗುತ್ತದೆ. ಆಮೇಲೆ?

"ಗಾಡಿ ಬಿಡೇ" ಅಂದರು ಅತ್ತೆ. "ಇಲ್ಲೇ ನಿಂತ್ರೆ ಅವನ ಗೇಟು ನೋಡ್ತಾ ಕೂರ್ಬೇಕು."

"ಎಲ್ಲಿಗೆ ಬಿಡ್ಲಿ ಅತ್ತೆ?"

"ಮುಂದಕ್ಕೆ!"

ಮುಖ್ಯ ರಸ್ತೆಯಲ್ಲಿ ರಜೆಗೆ ಊರಿಗೆ ಹೊರಟ ಜನ ಗಂಟುಮೂಟೆ ಹೊತ್ತು ಬಸ್ಸಿಲ್ಲದೆ ಒದ್ದಾಡುತ್ತಿದ್ದರು. ಸಿಗ್ನಲಿನಲ್ಲಿ ಬಸ್ಸು ನಿಧಾನವಾದದ್ದೇ ತಡ, ದಪ್ಪ ಕನ್ನಡಕದ ಹೆಂಗಸೊಬ್ಬರು ಬಾಗಿಲು ಬಡಿದರು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಮಿಯಾಂವ್ ಅನ್ನುವ ಬುಟ್ಟಿ.

"ಸ್ಟೇಷನ್ನಿಗೆ ಹೋಗುತ್ತಾ?"

ಡ್ರೈವರಮ್ಮ ಬಾಯಿ ತೆರೆಯುವುದರೊಳಗೆ ಅತ್ತೆ, "ಹೋಗುತ್ತೆ, ಹತ್ತಿ!" ಎಂದು ಬಾಗಿಲು ತೆಗೆದೇಬಿಟ್ಟರು. ಅವರ ಹಿಂದೆ ಒಬ್ಬ, ಅವನ ಹಿಂದೆ ಇಬ್ಬರು, ನೋಡನೋಡುತ್ತ ಹನ್ನೊಂದು ಜನ.

"ಅತ್ತೆ, ನನ್ನ ಕೆಲಸ ಹೋಗುತ್ತೆ!"

"ಮುಂದೆ ಹೋಗಿ, ಮುಂದೆ ಹೋಗಿ! ಒಲೆ ಪಕ್ಕ ಜಾಗ ಇದೆ. ಏ ದಪ್ಪಣ್ಣ, ಹಾಸಿಗೆ ಮೇಲೆ ಕೂತ್ಕೊಳಪ್ಪ, ಒರಗಬೇಡ. ಆ ಪಾತ್ರೆ ತೊಡೆ ಮೇಲಿಟ್ಕೊಳ್ಳಮ್ಮ." ಅತ್ತೆಯ ದನಿ ಹುಟ್ಟಾ ಕಂಡಕ್ಟರನದು.

ದಪ್ಪಣ್ಣ ಜೇಬಿಗೆ ಕೈ ಹಾಕಿದ. "ಟಿಕೆಟ್ ಎಷ್ಟಜ್ಜಿ?"

"ಸ್ಕೂಲ್ ಬಸ್ಸಲ್ಲಿ ಟಿಕೆಟ್ ಏನೋ? ಮಗ್ಗಿ ಒಪ್ಪಿಸು, ಸಾಕು. ಹದಿನೇಳರದ್ದು!"

ಪಾಪ, ಹದಿನೇಳೈದ್ಲವರೆಗೆ ಗಂಭೀರವಾಗಿ ಹೇಳಿದ, ಆರಕ್ಕೆ ತೊದಲಿದ, ಏಳಕ್ಕೆ ಬೆವರಿದ. ಇಡೀ ಬಸ್ಸು ಅವನ ನೆರವಿಗೆ ಬಂತು. ಹನ್ನೊಂದು ಜನ ದೊಡ್ಡವರು, ಅದರಲ್ಲೊಬ್ಬ ಟೈ ಕಟ್ಟಿದ್ದವನೂ ಸೇರಿ, ಗಂಟಲು ಹರಿಯುವ ಹಾಗೆ "ಹದಿನೇಳೆಂಟ್ಲ ನೂರಾ ಮೂವತ್ತಾರೂ!" ಎಂದು ಕಿರುಚಿದರು. ಗಾರೆಯವನು ಊರುಗೋಲಿನಿಂದ ಪಾತ್ರೆಗಳ ಮೇಲೆ ತಾಳ ಹಾಕಿದ. ಮೂರು ತಿಂಗಳಿಂದ ನಗು ಮರೆತಿದ್ದ ಗಂಡನ ಹಲ್ಲು ಎದುರಿನ ಕನ್ನಡಿಯಲ್ಲಿ ಕಂಡು ಡ್ರೈವರಮ್ಮನಿಗೂ ಏನೋ ಆಯಿತು. ಹಾರ್ನನ್ನು ಎರಡು ಸಲ ಸುಮ್ಮಸುಮ್ಮನೆ ಒತ್ತಿದಳು. ಪಕ್ಕದ ಕಾರಿನವನು ಬೈದ. ಅವಳು ಅವನಿಗೂ ಕೈ ಬೀಸಿದಳು.

ಮಗ್ಗಿ ಮುಗಿದು ಎಲ್ಲರೂ ಏದುಸಿರು ಬಿಡುತ್ತಿದ್ದಾಗ ಕನ್ನಡಕದ ಹೆಂಗಸು ಚಿನಕುರುಳಿಯನ್ನು ಕೇಳಿದರು: "ಇಷ್ಟೆಲ್ಲ ಸಾಮಾನು ಕಟ್ಕೊಂಡು ಎಲ್ಲಿಗೆ ಪುಟ್ಟಿ?"

"ಗೊತ್ತಿಲ್ಲ. ನಮಗೆ ಮನೆ ಇಲ್ಲ. ಇವತ್ತು ಬಸ್ಸೇ ಮನೆ. ನೀವು ಕೂತಿರೋದು ನನ್ನ ಬೆಡ್‌ರೂಮು."

ಡ್ರೈವರಮ್ಮನ ಕಿವಿ ಕಾದವು. ಕನ್ನಡಿ ನೋಡುವ ಧೈರ್ಯವಾಗದೆ ಸ್ಟೇಷನ್ನಿನವರೆಗೂ ರಸ್ತೆಯನ್ನೇ ನೋಡಿದಳು.

ಸ್ಟೇಷನ್ನಿನಲ್ಲಿ ಜನ ಮೆಲ್ಲಗೆ ಇಳಿದರು. ದಪ್ಪಣ್ಣ ಅತ್ತೆಗೆ ಕೈಮುಗಿದು, ತನ್ನ ಬಿಸ್ಕತ್ತಿನ ಡಬ್ಬಿಯನ್ನು ಟ್ರಂಕಿನ ಮೇಲಿಟ್ಟು ಓಡಿದ. ಕನ್ನಡಕದವರು ಮಾತ್ರ ಇಳಿಯಲಿಲ್ಲ. ಅವರ ಬುಟ್ಟಿ ಖಾಲಿಯಾಗಿತ್ತು. ಬೂದು ಬಣ್ಣದ ಬೆಕ್ಕು ಗಾರೆಯವನ ಬ್ಯಾಂಡೇಜಿನ ಮೇಲೆ ಮುದುರಿ ಗೊರಕೆ ಹೊಡೆಯುತ್ತಿತ್ತು.

"ಇವಳು ಯಾರ ಹತ್ರಾನೂ ಹೋಗೋಳಲ್ಲ" ಅಂದರು ಅವರು ಬೆರಗಾಗಿ. "ನಾನು ಹಲ್ಲಿನ ಡಾಕ್ಟರು. ಮಗಳ ಮನೆಗೆ ಹೊರಟಿದ್ದೀನಿ. ಅವಳಿಗೆ ಬೆಕ್ಕಿನ ಕೂದಲು ಸೋಕಿದ್ರೆ ಮೈಯೆಲ್ಲ ದದ್ದು. ಬಿಟ್ಟು ಹೋಗೋಣ ಅಂದ್ರೆ ಇದನ್ನ ನೋಡ್ಕೊಳ್ಳೋರಿಲ್ಲ." ಬೆಕ್ಕಿನ ಬೆನ್ನು ಸವರಿದರು. "ನನ್ನ ಕ್ಲಿನಿಕ್ಕಿನ ಮೇಲೆ ಒಂದು ಮನೆ ಇದೆ. ಹಳೇ ಕ್ಲಿನಿಕ್ಕು. ಎರಡು ಪೇಷೆಂಟ್ ಕುರ್ಚಿ ನೆಲಕ್ಕೆ ಬೋಲ್ಟ್ ಹಾಕಿ ಕೂತಿವೆ, ಏನು ಮಾಡಿದ್ರೂ ಅಲ್ಲಾಡಲ್ಲ. ಬಾಡಿಗೆಗೆ ಬಂದೋರೆಲ್ಲ ಅವನ್ನ ನೋಡಿ ಓಡಿಹೋಗ್ತಾರೆ. ನೀವು ಓಡಲ್ಲ ಅಂದ್ರೆ ಬೆಕ್ಕನ್ನ ನೋಡ್ಕೊಂಡು ಅಲ್ಲೇ ಇರಿ. ಬಾಡಿಗೆ ಆಮೇಲೆ ಮಾತಾಡೋಣ, ಹೊರೆ ಆಗೋ ಹಾಗೆ ಕೇಳಲ್ಲ."

ಡ್ರೈವರಮ್ಮ ಸೀಟಿನಿಂದ ಎದ್ದು ಬಂದಳು. "ನಾವು ಯಾರೋ ಏನೋ… ಹೇಗೆ ನಂಬ್ತೀರಿ ಡಾಕ್ಟ್ರೇ?"

"ದಿನಾ ಬೆಳಿಗ್ಗೆ ಊರಿನೋರೆಲ್ಲ ತಮ್ಮ ಮಕ್ಕಳನ್ನ ನಿಮ್ಮ ಕೈಗೆ ಕೊಡ್ತಾರೆ. ನಾನು ಒಂದು ಬೆಕ್ಕು ಕೊಡೋಕೆ ಯೋಚನೆ ಮಾಡ್ಲಾ?"

ಕೀಲಿಯನ್ನೂ ವಿಳಾಸವನ್ನೂ ಕೊಟ್ಟು, ರೈಲು ತಪ್ಪೀತೆಂದು ಓಡಿಯೇ ಓಡಿದರು. ಡ್ರೈವರಮ್ಮನಿಗೆ ಗೇರು ಹಾಕುವುದು ಮರೆತುಹೋಗಿತ್ತು.

ಮೊದಲು ಹೆಡ್ ಮೇಡಂಗೆ ಫೋನು ಮಾಡಿ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಮೇಡಂ ಮೂರು ನಿಮಿಷ ಬಿಡದೆ ಬೈದರು: ನಿಯಮ, ವಿಮೆ, ಶಾಲೆಯ ಮರ್ಯಾದೆ. ಉಸಿರು ತೆಗೆದುಕೊಂಡು, "ಹೊಸ ಮನೆಗೆ ಪರದೆ ಇದ್ಯಾ?" ಎಂದು ಕೇಳಿದರು. ನಾಟಕಕ್ಕೆ ಕಟ್ಟುವ ಹಳೇ ಕೆಂಪು ಪರದೆ ಶೆಡ್ಡಿನಲ್ಲಿದೆ, ಒಯ್ಯಬಹುದು ಅಂದರು.

ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ, ದೊಡ್ಡ ಕಿಟಕಿಯ ಬಿಸಿಲಲ್ಲಿ ಎರಡು ಹಸಿರು ಕುರ್ಚಿಗಳು ಕಾಲು ಚಾಚಿಕೊಂಡು ಕೂತಿದ್ದವು. ಪಕ್ಕದಲ್ಲಿ ಬಾಯಿ ಮುಕ್ಕಳಿಸುವ ಪುಟ್ಟ ಬೋಗುಣಿ ಬೇರೆ. ಐವರೂ ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಆಮೇಲೆ ಚಿನಕುರುಳಿ ನೆಗೆದಳು, ಅಕ್ಕ ಅವಳ ಮೇಲೆ ಬಿದ್ದಳು. ಗಾರೆಯವನನ್ನು ಎರಡನೆಯದರಲ್ಲಿ ಮಲಗಿಸಿ ಕೆಳಗಿನ ಪೆಡಲು ತುಳಿದರೆ ಮುರಿದ ಕಾಲು ರಾಜಗಾಂಭೀರ್ಯದಿಂದ ಮೇಲೇರಿತು.

"ಆಸ್ಪತ್ರೆಯವರಿಗೂ ಇದು ಹೊಳೀಲಿಲ್ಲ ಕಣೇ!" ಅಂದ ಅವನು, ಆಕಾಶದಿಂದೆಂಬಂತೆ.

ರಜೆ ಮುಗಿಸಿ ಡಾಕ್ಟರಮ್ಮ ಬಂದಾಗ ಗೋಡೆಯ ಬಿರುಕುಗಳನ್ನೆಲ್ಲ ಗಾರೆಯವನು ಟ್ರಂಕಿನ ಮೇಲೆ ಕೂತು ಕೈಗೆಟುಕುವಷ್ಟು ಎತ್ತರದವರೆಗೆ ಮುಚ್ಚಿದ್ದ. ಬೆಕ್ಕು ಕೆಳಗಿಳಿಯಲು ಒಪ್ಪಲಿಲ್ಲ. ಡಾಕ್ಟರಮ್ಮನೂ ಕೆಂಪು ಪರದೆಯ ಕೆಳಗೆ ಟೀ ಕುಡಿಯುತ್ತ, ಬಾಡಿಗೆ ಪತ್ರಕ್ಕೆ ಸಹಿ ಹಾಕಿ, ಕತ್ತಲಾಗುವವರೆಗೂ ಇಳಿಯಲಿಲ್ಲ.

ಆದರೆ ಅದು ಆಮೇಲಿನ ಮಾತು. ಆ ಮೊದಲ ಮಧ್ಯಾಹ್ನ ಅತ್ತೆಯ ಸರದಿ ಬಂದಾಗ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯಲ್ಲಿ ಒರಗಿ, "ಹ್ಞೂಂ, ತುಳಿಯೇ" ಎಂದು ಸೊಸೆಗೆ ಅಪ್ಪಣೆ ಕೊಟ್ಟರು. ಡ್ರೈವರಮ್ಮ ತುಳಿದಳು. ಅತ್ತೆ ಏರಿದರು. ಮತ್ತೆ ತುಳಿದಳು, ಇನ್ನೂ ಏರಿದರು.

"ಸಾಕಾ ಅತ್ತೆ?"

"ಯಾರು ಹೇಳಿದ್ದು ಸಾಕು ಅಂತ?"

ಡ್ರೈವರಮ್ಮ ನಗು ತಡೆಯಲಾಗದೆ ನೆಲದ ಮೇಲೆ ಕೂತುಬಿಟ್ಟಳು. ಕೂತೇ, ಕೈಯಿಂದ ಪೆಡಲು ಒತ್ತುತ್ತಲೇ ಹೋದಳು.