ನಿಂಬೆಗಿಡಗಳ ಉಪವಾಸ

ಒದ್ದೆ ಮಣ್ಣಿನ ವಾಸನೆ, ಇಲ್ಲ, ಎಲ್ಲಿಂದ ಬಂದೀತು, ಬೇವೂರಿನ ಸುತ್ತ ಮೋಡದ ತುಣುಕಿಲ್ಲ, ಬಾವಿಯ ಪಂಪನ್ನು ತಾನೇ ನಿಲ್ಲಿಸಿ ತಿಂಗಳಾಗುತ್ತ ಬಂತು, ಆದರೂ ಮೂಗಿಗೆ ಬಡಿದದ್ದು ಒದ್ದೆ ಮಣ್ಣೇ — ರೇಣವ್ವ ಗುದ್ದಲಿ ಹೆಗಲಿಗೇರಿಸಿ ನಾಯಿಯ ಹಾಗೆ ಮೂಸುತ್ತ ನಿಂಬೆಸಾಲಿನೊಳಗೆ ನಡೆದಳು, ಕಾಲಡಿ ಕೆಂಡ, ಎರಡೂ ಕಡೆ ಗಿಡಗಳು ಎಲೆ ಸುರುಟಿಕೊಂಡು ನಿಂತಿವೆ, ಬುಡ ಬಗೆದು ಬಿಸಿಲಿಗೆ ಹಾಕಿದ ಬೇರುಗಳು ಹೆಣದ ಬೆರಳಿನಂತೆ ಬಿಳುಚಿವೆ, ಹೀಗೇ ಇರಬೇಕು, ಹೀಗೇ ಒಣಗಬೇಕು, ಕುಳಗೇರಿ ಕ್ರಾಸಿನ ಹೊಲದಲ್ಲಿ ಅಪ್ಪ ಹೇಳಿಕೊಟ್ಟದ್ದು ಇದನ್ನೇ, ಉಂಡು ಉಂಡು ಸೊಕ್ಕಿದ ಗಿಡ ಬರೇ ಎಲಿ ಬಿಡತೈತಿ ಮಗಳ, ಸಾಯ್ತೇನಿ ಅಂತ ಅದಕ್ಕ ಖರೇನ ಅನ್ನಿಸಬೇಕು, ಆಮ್ಯಾಲೆ ಒಂದ ದಿನ ನೀರ ಬಿಟ್ಟ ನೋಡು, ಎಲೆ ಕಾಣದ ಹಾಗೆ ಹೂ ಬಿಟ್ಟದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ, ಅದನ್ನು ನಂಬಿಯೇ ಗಂಡನ ಕೊಡಲಿಗೆ ಅಡ್ಡ ನಿಂತಳು, ಎರಡ ವರ್ಷ ಆತು ಕಾಯಿಲ್ಲ, ಕಡದು ಜ್ವಾಳಾ ಬಿತ್ತೂಣು, ಅನ್ನುತ್ತಲೇ ಕನಕಪ್ಪ ಮೊದಲ ಗಿಡಕ್ಕೆ ಏಟು ಹಾಕಿಬಿಟ್ಟಿದ್ದ, ಇದೊಂದ ಬ್ಯಾಸಗಿ ನನಗ ಕೊಡು, ಹೂವ ಬಿಡಲಿಲ್ಲಂದ್ರ ಗಿಡಾನೂ ಕಡಿ, ನಾನೂ ತವರಮನಿಗೆ ನಡೀತೇನಿ, ತಿರುಗಿ ಬರೂದಿಲ್ಲ, ಬೀರಪ್ಪನ ಭಂಡಾರ ಮುಟ್ಟಿ ಆಡಿದ ಮಾತು, ಉಗುರಸಂದಿಯಲ್ಲಿ ಆ ಹಳದಿ ಇನ್ನೂ ಇದೆಯೆನ್ನಿಸುತ್ತದೆ, ಆತ ನಕ್ಕ, ಆತೇಳು ಅಂದ, ಕುರಿ ಹೊಡೆದುಕೊಂಡು ಹೊಳೆದಂಡೆಗೆ ಹೋದ, ಅಂದಿನಿಂದ ಊರೆಲ್ಲ ನಗುತ್ತಿದೆ, ಕಾಯಿ ಕೊಳ್ಳಲು ಇಳಕಲ್ಲಿನಿಂದ ಬರುವ ದಸ್ತಗೀರಬಿ ಬುಟ್ಟಿಯನ್ನೂ ಇಳಿಸಲಿಲ್ಲ, ಏನ ರೇಣವ್ವ, ತ್ವಾಟಾ ಅಂತ ಬಂದ್ರ ಖಬರಸ್ಥಾನ ಮಾಡಿಟ್ಟೀಯಲ್ಲ, ಬಾವ್ಯಾಗ ಅಷ್ಟ ನೀರ ಇಟಗೊಂಡು — ನಗಲಿ, ಹೂವು ಬಿಟ್ಟ ದಿನ ಅವಳ ಬಾಯಿಗೆ ಹೂವನ್ನೇ ತುರುಕಬೇಕು, ಎಲ್ಲರ ಬಾಯಿಗೂ, ಮತ್ತೆ ಆ ವಾಸನೆ, ಮೂಲೆಯ ಗಿಡದ ಬುಡದಲ್ಲಿ ಮಣ್ಣು ಕಪ್ಪಾಗಿದೆ, ತಂಬಿಗೆಯಗಲ ಒದ್ದೆ ಕಲೆ, ತಲೆಯೆತ್ತಿದರೆ ತುದಿಯಲ್ಲಿ ಎಳೆಚಿಗುರು, ಎಣ್ಣೆ ಹಚ್ಚಿದಂಥ ಸುಡುಗಾಡು ಹಸಿರು, ಹೂವಲ್ಲ, ಎಲೆ, ಇದು ಕೆಟ್ಟಿತು, ಈ ಗಿಡ ಕೆಟ್ಟೇಹೋಯಿತು, ಪಕ್ಕದ್ದು? ಅದರ ಬುಡದಲ್ಲೂ ಕಲೆ, ಅದರಾಚೆಯದ್ದರಲ್ಲೂ.

ಬಾವಿಯ ಕಡೆಯಿಂದ ಕೊಡದ ಸದ್ದು, ಅತ್ತೆ ರಂಗವ್ವ ಸುಡುಬಿಸಿಲಲ್ಲಿ ತಲೆಯ ಮೇಲೆ ಮಣ್ಣಿನ ಕೊಡ ಹೊತ್ತು ಬರುತ್ತಿದ್ದಾಳೆ, ನೀರು ತುಳುಕಿ ಕುಪ್ಪಸ ತೊಯ್ದಿದೆ, ಸೊಸೆಯನ್ನು ಕಂಡರೂ ನಿಲ್ಲಲಿಲ್ಲ, ಯಾವಾಗಿನಿಂದ ಹಾಕಾಕತ್ತೀ ಮುದುಕಿ, ಉಗಾದಿ ಮುಗಿದಾಗಿಂದ, ಎಷ್ಟಕ್ಕ ಹಾಕೀದಿ, ಎಲ್ಲಾದಕ್ಕೂ, ತಂಬಗಿ ತಂಬಗಿ, ಎಲ್ಲದಕ್ಕೂ! ಅಂದರೆ ಹೂವಿಲ್ಲ, ಕೊಡಲಿ ಬರುತ್ತದೆ, ಭಂಡಾರದ ಮಾತು ಬರುತ್ತದೆ, ಗಂಟು ಕಟ್ಟಿಕೊಂಡು ಕುಳಗೇರಿ ಬಸ್ಸು ಹತ್ತಬೇಕು, ನನ್ನ ಮನಿ ಬಿಡಸಾಕ ಮಾಡೀದಿ ಹೌದಲ್ಲ, ನಿನ್ನ ಮನಿ ತಗೊಂಡ ನಾ ಏನ ಮಾಡ್ಲೇ, ಎಪ್ಪತ್ತೆರಡರ ಬರದಾಗ ಬಾವಿ ಇರಲಿಲ್ಲ, ಹಳ್ಳದ ಮಳಲ ತೋಡಿ ಈ ನೆತ್ತಿ ಮ್ಯಾಲ ಹೊತ್ತು ತಂದ ಹಾಕೀನಿ, ಕೂಸಿಗೆ ಕುಡಿಸಿಲ್ಲ ಇವಕ್ಕ ಹಾಕೀನಿ, ಈಗ ಬಾವಿ ತುಂಬಿ ನಿಂತೈತಿ, ನೀ ಉಪಾಸ ಕೊಲ್ಲಾಕತ್ತಿ, ಕಣ್ಣಿಲೆ ನೋಡಕೋತ ಹ್ಯಾಂಗ ಕುಂದರ್ಲಿ — ಮಾತು ಮುಗಿಯುವ ಮೊದಲೇ ಗುದ್ದಲಿಯ ಹಿಡಿ ಬೀಸಿದ್ದಳು, ಕೊಡಕ್ಕೆಂದು ಬೀಸಿದ್ದೋ, ತಲೆಗೆಂದೋ, ಅವಳಿಗೇ ಗೊತ್ತಿಲ್ಲ, ಕೊಡ ಒಡೆದು ನೀರು ಮುದುಕಿಯ ಮೈಮೇಲೆಲ್ಲ ಇಳಿಯಿತು, ಹಣೆಯಿಂದ ರಕ್ತ, ಬಿದ್ದವಳ ರಟ್ಟೆ ಹಿಡಿದು ಎಳೆದಳು, ಮುದುಕಿಯ ಇದೇ ಕೈ, ಮದುವೆಯ ಹೊಸದರಲ್ಲಿ ರೊಟ್ಟಿ ಸೀದಾಗ ತನ್ನ ಅಂಗೈಯನ್ನು ಕಾದ ಹಂಚಿಗೆ ಒತ್ತಿದ ಕೈ, ಗಿಡಕ್ಕೆ ನೀರು ಹನಿಸುವಾಗ ಎಷ್ಟು ಮೆತ್ತಗಾಗುತ್ತದೆ, ಮೂಲೆಯ ಗಿಡಕ್ಕೇ ಆನಿಸಿ ಬಾವಿಯ ಹಗ್ಗದಿಂದ ಬಿಗಿದಳು, ಬೆನ್ನಿಗೆ ನಿಂಬೆಮುಳ್ಳು ನೆಟ್ಟು ಮುದುಕಿ ಉಸಿರೆಳೆದುಕೊಂಡಿತು, ಆದರೂ ಬಾಯಿ ನಿಲ್ಲಲಿಲ್ಲ, ಕಟ್ಟು, ಬಿಗದ ಕಟ್ಟು, ಕುರುಬರ ಹೆಣ್ಣಿಗೆ ಗಂಟ ಹಾಕಾಕ ಬರೂದಿಲ್ಲೇನ, ಹಾಕಿದಳು, ನೀನೂ ಒಣಗು, ನೀರಿಲ್ಲಂದ್ರ ಹ್ಯಾಂಗಿರತೈತಿ ನೋಡು, ಬೇಕಾದಾಗ ನೀರ ಅಂತ ಬಾಯಿ ಬಿಟ್ಟ ಕೇಳು, ಆಗ ಬಿಚ್ಚತೇನಿ.

ಕೇಳಲಿಲ್ಲ. ನೆರಳು ಬುಡಕ್ಕೆ ಬಂದು ಸೇರಿತು, ಹಣೆಯ ರಕ್ತ ಒಣಗಿ ಸಿಪ್ಪೆಯಾಯಿತು, ನೊಣ ಕೂತವು, ಓಡಿಸಲು ಮುದುಕಿಗೆ ಕೈಯಿಲ್ಲ, ರೇಣವ್ವ ಎದುರಿಗೆ ನೆಲಕ್ಕೆ ಕೂತಿದ್ದಾಳೆ, ತಾನೂ ಕುಡಿದಿಲ್ಲ, ನಾಲಿಗೆ ಅಂಗುಳಿಗೆ ಅಂಟಿದೆ, ಕೇಳ ಅತ್ತಿ, ಒಂದ ಮಾತ ಕೇಳು, ಗಿಡ ಕೇಳತಾವೇನ, ಅಂದಿತು ಮುದುಕಿ, ತುಟಿ ಬಿರಿದು ಮಾತು ಗಾಳಿಯಾಗಿ ಬಂತು, ಆಮೇಲೆ ಮಾತೂ ಇಲ್ಲ, ಕತ್ತು ಒಂದು ಕಡೆ ವಾಲಿತು, ತುಟಿ ಬಿಳುಚಿತು, ಬೇರುಗಳಲ್ಲಿ ಆ ಬಿಳುಪನ್ನು ತಿಂಗಳಿಂದ ದಿನವೂ ನೋಡುತ್ತ ಬಂದಿದ್ದಾಳೆ, ಬಿಳುಚಿದಷ್ಟೂ ಹಿಗ್ಗುತ್ತ ಬಂದಿದ್ದಾಳೆ, ಸಾಯ್ತೇನಿ ಅಂತ ಅದಕ್ಕ ಖರೇನ ಅನ್ನಿಸಬೇಕು, ಅಪ್ಪ ಇದರ ಮುಂದೆ ಏನೂ ಹೇಳಿಕೊಡಲಿಲ್ಲವಲ್ಲ, ಸತ್ತರೆ? ಸತ್ತರೆ ಪೊಲೀಸರು, ಹುನಗುಂದದ ಕೋರ್ಟು, ಹಗ್ಗದ ಗಂಟು ಯಾರದೆಂದು ಕನಕಪ್ಪನೇ ಗುರುತಿಸುತ್ತಾನೆ — ಎದ್ದು ಓಡಿದಳು, ಬಾವಿಯ ಮೆಟ್ಟಿಲಲ್ಲಿ ಮೊಣಕಾಲು ಒಡೆಯಿತು, ತಂಬಿಗೆ ತುಂಬಿ ತಂದಳು, ಬಾಯಿ ತೆಗಿ, ಯವ್ವಾ ಬಾಯಿ ತೆಗಿ ನಿನ್ನ ಕಾಲ ಬೀಳತೇನಿ, ಗಲ್ಲ ಹಿಡಿದು ಹಲ್ಲಿನ ನಡುವೆ ಸುರಿದಳು, ಮುದುಕಿಯ ಕಣ್ಣು ಬಿಚ್ಚಿತು, ಬಾಯಿ ತುಂಬಿತು, ನುಂಗು, ನುಂಗ ಅತ್ತಿ, ಗಂಟಲು ಅಲುಗಲಿಲ್ಲ, ಕೆನ್ನೆ ಉಬ್ಬಿಸಿಕೊಂಡು ಸೊಸೆಯನ್ನೇ ನೋಡಿತು, ಆಮೇಲೆ ಹಗ್ಗ ಕೊಯ್ಯುವಷ್ಟು ಕತ್ತು ಬಗ್ಗಿಸಿ ಅಷ್ಟನ್ನೂ ಬುಡದ ಬೇರಿನ ಮೇಲೆ ಉಗುಳಿತು, ಬಿಳಿ ಬೇರಿನ ಮೇಲೆ ಒದ್ದೆ ಕಲೆ, ಅಂಗೈಯಗಲ, ಕೆಂಪು ಎಳೆ ಬೆರೆತದ್ದು, ರೇಣವ್ವನ ಕೈಯಲ್ಲಿ ಅರ್ಧ ತಂಬಿಗೆ ನೀರು, ಯಾರಿಗೆ, ಒದ್ದೆ ಕಲೆ, ಬೇರು ಅದನ್ನು ಕುಡಿಯುತ್ತಿದೆ, ಒದ್ದೆ ಕಲೆ —